ಕೊಲೆಯೆಂದು ತೀರ್ಪಾದ ಮೇಲೂ ‘ಎನ್‌ಕೌಂಟರ್’ ಎನ್ನಬೇಕೆ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮಾಜಿ ಪೊಲೀಸ್ ಅಧಿಕಾರಿ ಪ್ರದೀಪ್ ಶರ್ಮಾ ಅವರಿಗೆ ಲಖನ್ ಭೈಯಾ ಎಂಬವನ ಕೊಲೆ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2024ರ ಮಾರ್ಚ್ 19ರಂದು ಜೀವಾವಧಿ ಶಿಕ್ಷೆ ವಿಧಿಸಿದಂದಿನಿಂದ ಮುಂಬಯಿ ಕನ್ನಡಿಗರ ನಡುವೆ ಕೇಳಿಬರುತ್ತಿರುವ ಮಾತುಗಳು ನನ್ನ ಮನಸ್ಸನ್ನು ಕಲಕಿವೆ. ಲೋಕಲ್ ರೈಲಿನಲ್ಲಿ, ಸಂಘದ ಸಭೆ ಮುಗಿಸಿ ಚಹಾ ಕುಡಿಯುವಾಗ, ವಾಟ್ಸ್‌ಆ್ಯಪ್ ಬಳಗಗಳಲ್ಲಿ ಎಲ್ಲೆಡೆ ಒಂದೇ ಪ್ರಶ್ನೆ: ಗೂಂಡಾನನ್ನು ಕೊಂದವರಿಗೆ ಜೈಲೆ? ಊರನ್ನು ಕಾಪಾಡಿದವರಿಗೆ ಈ ಗತಿಯೆ?

ಈ ಮಾತಿನ ಹಿಂದಿರುವ ಭಯವನ್ನು ನಾನು ಬಲ್ಲೆ. 1990ರ ದಶಕದ ಕೊನೆಯಲ್ಲಿ ಸಾಕಿನಾಕಾದ ಬಳಿ ನನ್ನ ಸೋದರಮಾವನ ಹೋಟೆಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ರಾತ್ರಿ ಹತ್ತರ ಮೇಲೆ ಗಲ್ಲಾದ ಪಕ್ಕದ ಟೆಲಿಫೋನು ಬಾರಿಸಿದರೆ ಮಾವ ಎಣಿಸುತ್ತಿದ್ದ ನೋಟುಗಳನ್ನು ಹಾಗೆಯೇ ಡ್ರಾಯರಿಗೆ ತುರುಕಿ, ರಿಸೀವರ್ ಎತ್ತದೆ ನನ್ನ ಮುಖ ನೋಡುತ್ತಿದ್ದರು. ಹಫ್ತಾ ಕೇಳುವವನ ಹೆಸರನ್ನು ಅವರು ಮನೆಯವರ ಮುಂದೆಯೂ ಹೇಳಲಿಲ್ಲ. ಒಂದು ಬೆಳಿಗ್ಗೆ, ಯಾವನೋ ಒಬ್ಬ ಪೊಲೀಸರ ಗುಂಡಿಗೆ ಬಲಿಯಾದ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ಮಾವ ಅಡುಗೆಯವರಿಗೆ ಹೇಳಿ ಹುಡುಗರಿಗೆಲ್ಲ ಶೀರಾ ಹಂಚಿಸಿದರು. ನಾನೂ ತಿಂದೆ. ಸತ್ತವನು ಯಾರು, ಹೇಗೆ ಸತ್ತ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. ಕರಾವಳಿಯಿಂದ ಬಂದು ಹೋಟೆಲು ನಡೆಸುತ್ತಿದ್ದ ಎಷ್ಟೋ ಮನೆಗಳಲ್ಲಿ ಆಗ ಇದೇ ಸ್ಥಿತಿ ಇತ್ತು. ಆ ಸಂಕಟವನ್ನು ಅಲ್ಲಗಳೆಯುವವನು ನಾನಲ್ಲ.

ಆದರೆ ಈಗ ಶಿಕ್ಷೆಯಾಗಿರುವ ಪ್ರಕರಣದಲ್ಲಿ ನಡೆದದ್ದೇನು ಎಂಬುದನ್ನು ನಾವು ಒಮ್ಮೆಯಾದರೂ ಓದಬೇಡವೆ? 2006ರ ನವೆಂಬರ್ 11ರಂದು ಲಖನ್ ಭೈಯಾ ಎಂದೇ ಹೆಸರಾಗಿದ್ದ ರಾಮನಾರಾಯಣ ಗುಪ್ತಾನನ್ನು ಹಾಡಹಗಲೇ ವಾಶಿಯಿಂದ, ಗೆಳೆಯನೊಬ್ಬನ ಜೊತೆಗೆ, ಪೊಲೀಸರು ಎತ್ತಿಕೊಂಡು ಹೋದರು. ವಕೀಲನಾಗಿದ್ದ ಅವನ ಸಹೋದರ ಅದೇ ದಿನ ಪೊಲೀಸ್ ಅಧಿಕಾರಿಗಳಿಗೆ ಟೆಲಿಗ್ರಾಂ, ಫ್ಯಾಕ್ಸ್‌ಗಳನ್ನು ಕಳಿಸಿ, ತನ್ನ ಸಹೋದರನ ಅಪಹರಣವಾಗಿದೆ, ಅವನ ಪ್ರಾಣಕ್ಕೆ ಅಪಾಯವಿದೆ ಎಂದು ಮೊರೆಯಿಟ್ಟರು. ಅಂದೇ ಕತ್ತಲಾದ ಮೇಲೆ ವರ್ಸೋವಾದ ನಾನಾ-ನಾನಿ ಪಾರ್ಕಿನ ಬಳಿ ‘ಎನ್‌ಕೌಂಟರ್’ ನಡೆಯಿತೆಂದು ಪೊಲೀಸರು ಹೇಳಿದರು. ಗುಂಡಿನ ಕಾಳಗಕ್ಕೂ ಮೊದಲೇ ಹೊರಟ ಆ ಟೆಲಿಗ್ರಾಂಗಳನ್ನು ಪೊಲೀಸರ ಕಥೆಯ ಪಕ್ಕದಲ್ಲಿಟ್ಟು ನೋಡಿದರೆ ಸಾಕು, ಕಥೆ ನಿಲ್ಲುವುದಿಲ್ಲ. ಸತ್ತವನ ಮೇಲೆ ಮೊಕದ್ದಮೆಗಳಿದ್ದವು, ನಿಜ. ಅವುಗಳ ವಿಚಾರಣೆ ನಡೆಸಲು ನ್ಯಾಯಾಲಯವಿತ್ತು.

ಪೊಲೀಸರಿಗಾಗಿ ಮರುಗುವ ನಮ್ಮವರು ಆ ಗೆಳೆಯನ ಹೆಸರನ್ನೂ ಎತ್ತುವುದಿಲ್ಲ. ಸುಮಾರು ಒಂದು ತಿಂಗಳು ಅವನನ್ನು ಅಕ್ರಮವಾಗಿ ವಶದಲ್ಲಿಟ್ಟುಕೊಂಡಿದ್ದರು. ಅಪಹರಣವನ್ನು ಕಣ್ಣಾರೆ ಕಂಡಿದ್ದ ಅವನು 2011ರ ಮಾರ್ಚ್‌ನಲ್ಲಿ, ಕಟಕಟೆಯಲ್ಲಿ ನಿಂತು ಸಾಕ್ಷ್ಯ ನುಡಿಯಲು ಕೆಲವೇ ದಿನಗಳಿರುವಾಗ, ಕಾಣೆಯಾದ. ಆಮೇಲೆ ಮನೋರ್ ಬಳಿ ಅವನ ಶವ ಸಿಕ್ಕಿತು. ಅವನನ್ನು ಕೊಂದವರನ್ನು ಇಷ್ಟು ವರ್ಷಗಳಾದರೂ ಹಿಡಿಯದಿರುವ ಬಗ್ಗೆ ಹೈಕೋರ್ಟ್ ತನ್ನ ತೀರ್ಪಿನಲ್ಲಿ ವ್ಯಥೆಪಟ್ಟಿದೆ. ಇಡೀ ಪ್ರಕರಣದಲ್ಲಿ ನನ್ನನ್ನು ಅತ್ಯಂತ ಕಾಡುವ ಸಾವು ಇದೇ.

ಇನ್ನೂ ಒಂದು ಸಂಗತಿಯನ್ನು ವ್ಯಾಪಾರಸ್ಥ ಬಂಧುಗಳು ಗಮನಿಸಬೇಕು. ಜಮೀನು ದಲ್ಲಾಳಿಯೊಬ್ಬನ ವೈಯಕ್ತಿಕ ಹಗೆಯೇ ಈ ಕೊಲೆಗೆ ಕಾರಣ ಎಂಬುದು ಪ್ರಾಸಿಕ್ಯೂಷನ್‌ನ ವಾದವಾಗಿತ್ತು. ಆ ದಲ್ಲಾಳಿಗೂ 2013ರಲ್ಲಿ ಸೆಷನ್ಸ್ ನ್ಯಾಯಾಲಯದಲ್ಲಿ ಶಿಕ್ಷೆಯಾಗಿತ್ತು. ನಮ್ಮನ್ನು ಹಫ್ತಾದವರಿಂದ ಕಾಯುತ್ತದೆಂದು ನಾವು ನಂಬಿದ್ದ ಪಿಸ್ತೂಲು ಒಬ್ಬನ ಹಗೆ ತೀರಿಸಲು ದೊರೆಯುವುದಾದರೆ, ನಾಳೆ ನಮ್ಮ ಅಂಗಡಿಯ ಜಾಗದ ಮೇಲೆ ಕಣ್ಣಿಟ್ಟವನಿಗೂ ಅದು ದೊರೆತೀತು.

ಅಂದು ಶರ್ಮಾ ಒಬ್ಬರನ್ನು ಬಿಟ್ಟು 21 ಮಂದಿಯನ್ನು ತಪ್ಪಿತಸ್ಥರೆಂದು ಸೆಷನ್ಸ್ ನ್ಯಾಯಾಲಯ ಹೇಳಿತ್ತು. ಶರ್ಮಾ ಅವರ ಬಿಡುಗಡೆಯನ್ನು ಈಗ ನ್ಯಾಯಮೂರ್ತಿ ರೇವತಿ ಮೋಹಿತೆ ಡೇರೆ ಮತ್ತು ನ್ಯಾಯಮೂರ್ತಿ ಗೌರಿ ಗೋಡ್ಸೆ ಅವರ ಪೀಠ ರದ್ದುಪಡಿಸಿ, ಇತರ 12 ಪೊಲೀಸರ ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿದಿದೆ; ಆರು ಮಂದಿ ನಾಗರಿಕರನ್ನು ಇದೇ ಪೀಠ ಬಿಡುಗಡೆಯನ್ನೂ ಮಾಡಿದೆ. ಆದ್ದರಿಂದ ಕೋರ್ಟು ಪೊಲೀಸರ ಮೇಲೆ ಸಿಟ್ಟಿಗೆದ್ದು ಒಬ್ಬೊಬ್ಬರ ಸಾಕ್ಷ್ಯವನ್ನು ತೂಗದೆ ಎಲ್ಲರನ್ನೂ ಜೈಲಿಗೆ ಅಟ್ಟಿತು ಎನ್ನುವವರ ಮಾತು ಸರಿಯಲ್ಲ. ಇತ್ತ, ಅವರನ್ನು ಗಲ್ಲಿಗೇರಿಸಬೇಕಿತ್ತು ಎಂದು ಕೂಗುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಶರ್ಮಾ ಅವರಿಗೆ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕಿದೆ, ವಕೀಲರನ್ನಿಟ್ಟು ವಾದಿಸುವ ಅವಕಾಶವಿದೆ. ಲಖನ್ ಭೈಯಾನಿಗೆ ಸಿಗದೆ ಹೋದದ್ದು ಇದೇ.

1995ರಿಂದ 1997ರ ನಡುವೆ ಮುಂಬಯಿಯಲ್ಲಿ ನಡೆದ ಸುಮಾರು 99 ಎನ್‌ಕೌಂಟರ್‌ಗಳಲ್ಲಿ ಸುಮಾರು 135 ಮಂದಿ ಸತ್ತದ್ದನ್ನು ಪ್ರಶ್ನಿಸಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್‌ನಲ್ಲಿ 16 ನಿಯಮಗಳನ್ನು ಹಾಕಿಕೊಟ್ಟಿತು. ಅಂಥ ಪ್ರತಿ ಸಾವಿಗೂ ಸ್ವತಂತ್ರ ತನಿಖೆ ಮತ್ತು ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು ಎಂಬುದು ಅವುಗಳಲ್ಲಿ ಸೇರಿದೆ. ಘಟನೆಯ ಬೆನ್ನಿಗೇ ಅಧಿಕಾರಿಗೆ ಬಡ್ತಿಯನ್ನಾಗಲಿ ಶೌರ್ಯ ಪದಕವನ್ನಾಗಲಿ ಕೊಡಬಾರದು, ಅವರ ಶೌರ್ಯ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾದ ಮೇಲಷ್ಟೇ ಕೊಡಬೇಕು ಎಂದೂ ಕೋರ್ಟು ಹೇಳಿದೆ. ಸರ್ಕಾರಕ್ಕೆ ಬೇಡವೆಂದ ಆ ಆತುರವನ್ನು ಓದುಗರಾದ ನಾವೂ ಪತ್ರಿಕೆಗಳೂ ಬಿಟ್ಟಿಲ್ಲ. ಶರ್ಮಾ ಅವರಂಥ ಅಧಿಕಾರಿಗಳಿಗೆ ಅಂಟಿಸುವ ‘ಎನ್‌ಕೌಂಟರ್ ಸ್ಪೆಷಲಿಸ್ಟ್’ ಎಂಬ ಬಿರುದು ನಾವೇ ಕೊಟ್ಟ ಪದಕ.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ತೀರ್ಪಿನ ಸುದ್ದಿಯ ತಲೆಬರಹದಲ್ಲಿ ತಮ್ಮ ಪತ್ರಿಕೆಯೂ ಆ ಬಿರುದನ್ನೇ ಬಳಸಿದೆ. ಇನ್ನು ಮುಂದೆ ಈ ಪ್ರಕರಣದ ಬಗ್ಗೆ ಬರೆಯುವಾಗ ಅದನ್ನು ಕೈಬಿಟ್ಟು, ನ್ಯಾಯಾಲಯ ಬಳಸಿದ ‘ಕೊಲೆ’ ಎಂಬ ಪದವನ್ನೇ ಬಳಸಬೇಕು. ಜೊತೆಗೆ, ಮನೋರ್ ಬಳಿ ಶವವಾಗಿ ಸಿಕ್ಕ ಸಾಕ್ಷಿಯ ಪ್ರಕರಣ ಎಲ್ಲಿಗೆ ಬಂತೆಂದು ತಮ್ಮ ವರದಿಗಾರರು ವಿಚಾರಿಸಿ ಬರೆಯಬೇಕು.

ಇಂತಿ,
ಡೊಂಬಿವಲಿಯ ಒಬ್ಬ ಓದುಗ