ಬೆಕ್ಕು ಕಚ್ಚಿದರೆ "ಏನಿಲ್ಲ ಬಿಡಿ" ಅನ್ನಬೇಡ

ಪ್ರೀತಿಯ ಪುಟ್ಟಿ,

ನಾಯಿ ಇದ್ದ ಮನೆಗೆ ಈಗ ಬೆಕ್ಕಿನ ಮರಿಯೂ ಬಂತು ಅಂತ ಓದಿ ಖುಷಿಯಾಯಿತು. "ಇವುಗಳಿಂದ ರೋಗ ಬರುತ್ತೆ, ಯಾರಿಗಾದರೂ ಕೊಟ್ಟುಬಿಡು" ಅಂತ ನಿನ್ನ ಮಾವನವರು ಹೇಳುತ್ತಿದ್ದಾರಂತಲ್ಲ. ಕೊಡಬೇಡ. ಆದರೆ ಅವರ ಮಾತನ್ನು ಪೂರ್ತಿ ತಳ್ಳಿಹಾಕಲೂ ಬೇಡ. ವರ್ಷಗಟ್ಟಲೆ ಡ್ರೆಸ್ಸಿಂಗ್ ರೂಮಿನಲ್ಲಿ ಗಾಯ ಕಟ್ಟಿದವಳು ನಾನು. ನಾಯಿ ಕಚ್ಚಿದರೆ ಜನ ತಾವಾಗೇ ಓಡಿ ಬರುತ್ತಾರೆ. "ಏನಿಲ್ಲ ಬಿಡಿ" ಅಂತ ಮನೆಯಲ್ಲೇ ಕೂರುವವರು ಬೆಕ್ಕಿನಿಂದ ಕಚ್ಚಿಸಿಕೊಂಡವರು.

ನಾಯಿ ಕಚ್ಚಿದರೆ ಚರ್ಮ ಹರಿಯುತ್ತದೆ, ರಕ್ತ ಸುರಿಯುತ್ತದೆ. ಬೆಕ್ಕಿನ ಹಲ್ಲು ಸೂಜಿಯ ಹಾಗೆ. ಬೆರಳಿನ ಕೀಲಿನವರೆಗೂ ಇಳಿದು ಬರಬಹುದು, ಮೇಲೆ ಕಾಣುವುದು ಒಂದು ಕೆಂಪು ಚುಕ್ಕಿ ಮಾತ್ರ. ಸ್ವಲ್ಪ ಹೊತ್ತಿಗೆ ಅದೂ ಮುಚ್ಚಿಕೊಳ್ಳುತ್ತದೆ. ಜೊಲ್ಲಿನಲ್ಲಿದ್ದ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಒಳಗೇ ಉಳಿಯುತ್ತದೆ. ಬಹುತೇಕ ಬೆಕ್ಕುಗಳ ಬಾಯಲ್ಲಿ ಅದು ಇರುತ್ತದೆ, ಅವಕ್ಕೆ ಅದರಿಂದ ತೊಂದರೆ ಏನೂ ಇಲ್ಲ. ನಮಗೆ ಮಾತ್ರ ಸಾಮಾನ್ಯವಾಗಿ 24 ಗಂಟೆಯೊಳಗೆ ಕೈ ಕೆಂಪಾಗಿ ಊದಿ, ಬೆರಳು ಮಡಚಲು ಆಗದಷ್ಟು ನೋವು ಶುರುವಾಗುತ್ತದೆ. ಬೆಳಗ್ಗೆ ಕಚ್ಚಿಸಿಕೊಂಡವರು ರಾತ್ರಿ ಉಂಗುರ ಕತ್ತರಿಸಿಕೊಳ್ಳಲು ಬಂದದ್ದನ್ನು ನೋಡಿದ್ದೇನೆ. ಅಷ್ಟು ಬೇಗ ಊದಿದೆ ಅನ್ನುವುದೇ ಡಾಕ್ಟರಿಗೆ ಒಂದು ಸುಳಿವು.

ಕಚ್ಚಿದ ಕೂಡಲೇ ನಲ್ಲಿ ಕೆಳಗೆ ಹಿಡಿದು, ಸೋಪು ಹಚ್ಚಿ 15 ನಿಮಿಷ ತೊಳೆ. ಮೇಲೆ ಪುಡಿ ಗಿಡಿ ಏನೂ ಮೆತ್ತಬೇಡ. ಅವತ್ತೇ ಆಸ್ಪತ್ರೆಗೆ ಹೋಗು. ರೇಬಿಸ್ ವೈರಸ್‌ನಿಂದ ಬರುವುದು, ಅದರ ಕಥೆಯೇ ಬೇರೆ. ಆದರೂ ಅದರ ಲಸಿಕೆ, ಧನುರ್ವಾಯು ಚುಚ್ಚುಮದ್ದು ಬೇಕಾ ಅಂತ ಅಲ್ಲೇ ಕೇಳು. ಹಿಂದೆ ಯಾವುದಕ್ಕೋ ತಂದು ಉಳಿದ ಮಾತ್ರೆ ನುಂಗುವ ಚಾಳಿ ನಿಮ್ಮ ಮನೆಯಲ್ಲಿ ಇದೆ, ನನಗೆ ಗೊತ್ತು. ಎರಿಥ್ರೋಮೈಸಿನ್‌ಗೆ, ಸೆಫಾಲೆಕ್ಸಿನ್‌ಗೆ ಈ ಆಂಟಿಬಯೋಟಿಕ್ ಮಾತ್ರೆಗಳಿಗೆ ಪಾಶ್ಚುರೆಲ್ಲಾ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಅಲರ್ಜಿ ಇಲ್ಲದಿದ್ದರೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಮಾತ್ರೆ ಬರೆಯುತ್ತಾರೆ. ಅದನ್ನು ಅವರೇ ಬರೆಯಲಿ.

ಇನ್ನು ಪರಚುವುದು. ಮರಿ ಅಂದಮೇಲೆ ಪರಚದೇ ಇರುತ್ತಾ? ಇಲ್ಲಿ ನಿಜವಾದ ಕಳ್ಳ ಚಿಗಟ. ಬಾರ್ಟೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಚಿಗಟದಿಂದ ಬೆಕ್ಕಿಗೆ ಹರಡುತ್ತದೆ. ಚಿಗಟದ ಹಿಕ್ಕೆ ಬೆಕ್ಕಿನ ಉಗುರಿಗೆ ಸಿಕ್ಕಿಕೊಂಡು, ಪರಚಿದಾಗ ನಮ್ಮ ಚರ್ಮದೊಳಗೆ ಸೇರುತ್ತದೆ. ಒಂದು ವರ್ಷದೊಳಗಿನ ಮರಿಗಳಿಂದ ಇದು ಜಾಸ್ತಿ. ಪರಚಿದ ಜಾಗದಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ಒಂದರಿಂದ ಮೂರು ವಾರಕ್ಕೆ ಕಂಕುಳಲ್ಲೋ ಕತ್ತಿನಲ್ಲೋ ಗಂಟು ಕಾಣಿಸುತ್ತದೆ. ಅಷ್ಟರಲ್ಲಿ ಪರಚಿದ್ದೇ ಮರೆತುಹೋಗಿರುತ್ತದೆ, ಗಂಟು ಮುಟ್ಟಿ ಮುಟ್ಟಿ ಕ್ಯಾನ್ಸರ್ ಅಂತ ನಿದ್ದೆಗೆಡುತ್ತಾರೆ. ಹೆಚ್ಚಿನವರಿಗೆ ತಾನಾಗೇ ಇಳಿಯುತ್ತದೆ. ಆದರೆ ಡಾಕ್ಟರಿಗೆ ತೋರಿಸು, ಮನೆಯಲ್ಲಿ ಬೆಕ್ಕಿನ ಮರಿ ಇದೆ ಅಂತ ಅವರು ಕೇಳುವ ಮೊದಲೇ ಹೇಳು. ಆ ಒಂದು ಮಾತಿನಿಂದ ಎಷ್ಟೋ ಸುಮ್ನೆ ಮಾಡಿಸುವ ಪರೀಕ್ಷೆ ಉಳಿಯುತ್ತದೆ.

ಚಿಗಟ ಇದೆಯಾ ಅಂತ ನೋಡುವುದು ಸುಲಭ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಲದ ಬುಡದಲ್ಲಿ ಬಾಚು. ಉದುರಿದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಹಾಕು. ಮಣ್ಣಾದರೆ ಮಣ್ಣಾಗೇ ಇರುತ್ತದೆ. ಸುತ್ತ ಕೆಂಪು ಬಣ್ಣ ಬಿಟ್ಟರೆ ಅದು ಚಿಗಟ ಕುಡಿದು ಹಾಕಿದ ರಕ್ತ.

ಈಗ ಮಾವನವರ ವಿಷಯ. ಅಪಘಾತವಾದಾಗ ಅವರ ಗುಲ್ಮ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಸ್ಪ್ಲೀನ್ ಎಂಬ ಅಂಗ, ತೆಗೆದುಹಾಕಿದರಲ್ಲ, ನನಗೆ ಚಿಂತೆ ಅದೇ. ನಾಯಿಯ ಜೊಲ್ಲಿನಲ್ಲಿ ಕ್ಯಾಪ್ನೊಸೈಟೊಫಾಗ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಮನುಷ್ಯರಲ್ಲಿ ಅದರ ಸೋಂಕು ಮೊದಲು ವರದಿಯಾದದ್ದು 1976ರಲ್ಲಿ. ಗಟ್ಟಿಮುಟ್ಟಾದವರಿಗೆ ಅದು ಏನಾದರೂ ಮಾಡುವುದು ತೀರಾ ಅಪರೂಪ. ಗುಲ್ಮ ಇಲ್ಲದವರಿಗೆ, ಜಾಸ್ತಿ ಕುಡಿಯುವವರಿಗೆ, ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುವವರಿಗೆ ರಕ್ತಕ್ಕೇ ನಂಜೇರಿ ಜೀವಕ್ಕೆ ಕುತ್ತಾಗಬಹುದು. ಕಚ್ಚಲೇಬೇಕು ಅಂತಿಲ್ಲ, ತರಚು ಗಾಯ ನೆಕ್ಕಿದರೂ ಸಾಕು. ಅವರು ನಾಯಿ ಮುದ್ದು ಮಾಡಲಿ, ಕಾಲಿನ ಗಾಯ ಮುಚ್ಚಿರಲಿ, ಮುಖ ನೆಕ್ಕಿಸಿಕೊಳ್ಳದಿರಲಿ. ಕಚ್ಚಿದರೆ ಜ್ವರ ಬರಲಿ ಅಂತ ಕಾಯಬೇಡಿ. ಕಚ್ಚದೆಯೂ ಚಳಿ ಜ್ವರ ಬಂದರೆ ಆ ಗಂಟೆಯಲ್ಲೇ ಕರೆದುಕೊಂಡು ಹೋಗಿ, ಗುಲ್ಮ ಇಲ್ಲ, ಮನೆಯಲ್ಲಿ ನಾಯಿ ಇದೆ, ಎರಡನ್ನೂ ಹೇಳಿ.

ಮರಿಗೆ ಬೇಧಿಯಾದರೆ ಕೈಗವಸು ಹಾಕಿ ಒರೆಸು, ನಮಗೂ ಬೇಧಿ ತರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಇರಬಹುದು. ಹಸಿ ಮಾಂಸ ಹಾಕಬೇಡ. ನಾಯಿಗೆ ಇಲಿಜ್ವರದ ಲಸಿಕೆ ಆಗಿದೆಯಾ ನೋಡು, ಅದು ಮೂತ್ರದಿಂದ ನಮಗೂ ಹರಡುತ್ತದೆ.

ಚಿಗಟ ಸಿಕ್ಕಿತು ಅಂತ ನಾಯಿಗೆ ತಂದ ಹನಿಮದ್ದನ್ನೇ ಮರಿಯ ಬೆನ್ನಿಗೂ ಹಾಕಿಬಿಡಬೇಡ. ಕೆಲವದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ, ನಾಯಿಗೆ ಸರಿ, ಬೆಕ್ಕಿಗೆ ವಿಷ. ಪಶುವೈದ್ಯರಿಗೆ ಮರಿಯ ತೂಕ ಹೇಳಿ, ಅದಕ್ಕೆ ಬೇರೆಯದೇ ಬರೆಸಿಕೋ.

ನಿನ್ನ,
ದೊಡ್ಡಮ್ಮ