ಕೋವಿ ಠಾಣೆಯಲ್ಲಿ, ಹಂದಿ ಗದ್ದೆಯಲ್ಲಿ

ಮಾನ್ಯರೇ,

ನಮ್ಮ ಹೋಬಳಿಯಲ್ಲಿ ಮೊನ್ನೆ ಈಡು ಹಾರಿದ ಸುದ್ದಿಯನ್ನು ನೀವು ಜಿಲ್ಲಾ ಪುಟದಲ್ಲಿ ದೊಡ್ಡದಾಗಿಯೇ ಹಾಕಿದ್ದೀರಿ. ‘ಹುಚ್ಚನ ಅಟ್ಟಹಾಸ’ ಅಂತ ತಲೆಬರಹ ಬೇರೆ. ಇಬ್ಬರ ಕಾಲಿಗೆ ಚರೆ ತಗುಲಿತು, ಜೀವಕ್ಕೇನೂ ಆಗಲಿಲ್ಲ, ಪುಣ್ಯ. ಆದರೆ ಮರುದಿನದಿಂದ ನಮಗೆ ಆಗುತ್ತಿರುವುದು ನಿಮ್ಮ ಪುಟಕ್ಕೆ ಬಂದಿಲ್ಲ. ಹೋಬಳಿಯ ಲೈಸೆನ್ಸ್ ಕೋವಿಗಳನ್ನೆಲ್ಲ ಠಾಣೆಗೆ ತಂದು ಒಪ್ಪಿಸಬೇಕಂತೆ. ಆದೇಶದ ಕಾಗದ ಯಾರೂ ನೋಡಿಲ್ಲ. ಬೀಟ್ ಪೊಲೀಸರ ಫೋನ್ ಬಂತು, ಅಷ್ಟೇ.

ಸೋಮವಾರ ಅಪ್ಪನ ಕಾಲದ ಒಂಟಿ ನಳಿಗೆ ಕೋವಿಯನ್ನು ಗೋಣಿಚೀಲದಲ್ಲಿ ಸುತ್ತಿ, ಪಕ್ಕದ ಮನೆಯವರ ಜೀಪು ಬೇಡಿ ಹೋದೆ. ರೈಟರ್ ಊಟಕ್ಕೆ ಹೋಗಿದ್ದರು. ಎರಡೂವರೆ ಗಂಟೆ ಜಗಲಿಯಲ್ಲಿ ಕೂತೆವು. ಹದಿನಾಲ್ಕು ಜನ, ಹದಿನಾಲ್ಕು ಕೋವಿ. ರಸ್ತೆಯಲ್ಲಿ ಹೋಗುವವರಿಗೆ ನಾವು ಠಾಣೆಗೇ ಮುತ್ತಿಗೆ ಹಾಕಿದ ಹಾಗೆ ಕಂಡಿರಬೇಕು. ರಸೀದಿ ಕೇಳಿದರೆ ಪುಸ್ತಕ ಮುಗಿದಿದೆ ಎಂದರು. ಕೊನೆಗೆ ಹಳೆಯ ಕ್ಯಾಲೆಂಡರ್ ಹಾಳೆ ಹರಿದು, ಅದರ ಹಿಂದೆ ಕೋವಿ ನಂಬರ್ ಬರೆದು ಕೊಟ್ಟರು. ಅದರಲ್ಲೂ ಒಂದು ಅಂಕಿ ತಪ್ಪು.

ಅದೇ ರಾತ್ರಿ ಗದ್ದೆಗೆ ಹಂದಿ ಬಂತು. ಹಂದಿಗಳಿಗೂ ಆ ಫೋನ್ ಹೋಗಿತ್ತೋ ಏನೋ. ಮೊದಲಾದರೆ ಗಾಳಿಗೆ ಒಂದು ಈಡು ಹಾರಿಸಿದರೆ ಎರಡು ದಿನ ಆ ಕಡೆ ತಲೆ ಹಾಕುತ್ತಿರಲಿಲ್ಲ. ಈಗ ನಾನು, ನನ್ನ ಹೆಂಡತಿ ಎಣ್ಣೆ ಡಬ್ಬ ಬಡಿಯುತ್ತಾ ಬದುವಿನ ಮೇಲೆ ನಿಂತಿರುತ್ತೇವೆ. ಮೂರನೇ ರಾತ್ರಿಗೆ ಹಂದಿಗಳು ಆ ತಾಳಕ್ಕೂ ಒಗ್ಗಿಕೊಂಡವು. ಬದುವಿನ ಬಾಳೆ ಬುಡಸಮೇತ ಮಗುಚಿ ಬಿದ್ದಿದೆ.

ಇಷ್ಟಕ್ಕೂ ಈಡು ಹಾರಿದ್ದು ಯಾರ ಕೋವಿಯಿಂದ? ಆ ಮನೆಯ ಯಜಮಾನರು ತೀರಿಹೋಗಿ ಮೂರು ವರ್ಷವಾಯಿತು. ಲೈಸೆನ್ಸ್ ಇನ್ನೂ ಅವರ ಹೆಸರಿನಲ್ಲೇ ಇದೆ. ಕೋವಿ ದೇವರ ಕೋಣೆಯ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು, ತೋಟೆ ಅಕ್ಕಿ ಡಬ್ಬದ ಪಕ್ಕದಲ್ಲಿ. ಈಡು ಹಾರಿಸಿದ ಆ ಮನೆಯ ಹುಡುಗ ಮನಸ್ಸಿನ ಕಾಯಿಲೆಯ ಮಾತ್ರೆ ಬಿಟ್ಟಿದ್ದು, ರಾತ್ರಿಯೆಲ್ಲ ತೋಟದಲ್ಲಿ ಒಬ್ಬನೇ ಮಾತಾಡುತ್ತಾ ಓಡಾಡುತ್ತಿದ್ದುದು ಊರಿಗೆಲ್ಲ ಗೊತ್ತು. ಅವನ ತಾಯಿಯೇ ಠಾಣೆಗೆ ಹೋಗಿ, ಕೋವಿ ನೀವೇ ಇಟ್ಟುಕೊಳ್ಳಿ ಎಂದು ಕೇಳಿಕೊಂಡಿದ್ದರು. ಲೈಸೆನ್ಸ್‌ದಾರರೇ ಬರಬೇಕು ಎಂದು ವಾಪಸ್ ಕಳಿಸಿದರಂತೆ. ಸತ್ತವರು ಎಲ್ಲಿಂದ ಬರಬೇಕು ಸ್ವಾಮಿ?

ಅವನನ್ನು ‘ಹುಚ್ಚ’ ಎಂದು ಬರೆದದ್ದಕ್ಕೂ ನನ್ನ ತಕರಾರಿದೆ. ನನ್ನ ಭಾವ ಹತ್ತು ವರ್ಷದಿಂದ ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಒಂದು ಇರುವೆಯನ್ನೂ ತುಳಿದವರಲ್ಲ. ನಿಮ್ಮ ಪೇಪರ್ ಬಂದ ದಿನದಿಂದ ಅಂಗಡಿಯಲ್ಲಿ ಜನ ಅವರ ಪಕ್ಕ ಕೂರಲು ಹಿಂದೆಮುಂದೆ ನೋಡುತ್ತಿದ್ದಾರೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಮಾತಾಡುತ್ತಾರೆ, ಒಳ್ಳೆಯದೇ. ಆದರೆ ಸಿಗ್ನಲ್ ಸಿಗಬೇಕಾದರೆ ನಾವು ಗುಡ್ಡ ಹತ್ತಬೇಕು. ಟವರ್ ಹಾಕಿಸಿಕೊಡಿ ಅಂತ ಕೊಟ್ಟ ಅರ್ಜಿಗಳು ಎಲ್ಲಿವೆಯೋ, ಅದು ಇನ್ನೊಂದು ಪುರಾಣ.

ಮನಸ್ಸು ಸ್ಥಿಮಿತದಲ್ಲಿಲ್ಲದವರಿಗೆ ಕೋವಿ ಕೊಡಬಾರದು ಎಂದು 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಹೇಳುತ್ತದೆ. ಅದನ್ನು ನೋಡುವ ಬಗೆ ಹೇಗಿದೆ ಗೊತ್ತೇ? ಹಿಂದಿನ ಸಲ ರಿನ್ಯೂವಲ್‌ಗೆ ಹೋದಾಗ ಡಾಕ್ಟರ್ ಬಿಪಿ ನೋಡಿದರು, ಅಡಿಕೆ ರೇಟು ಎಷ್ಟಾಯಿತು ಎಂದು ಕೇಳಿದರು, ಸಹಿ ಹಾಕಿದರು. ಅಡಿಕೆ ರೇಟಿನ ಮಾತು ಬಂದಾಗ ನನ್ನ ಮನಸ್ಸು ಸ್ಥಿಮಿತದಲ್ಲಿ ಇರಲಿಲ್ಲ, ಅದು ಬೇರೆ ವಿಷಯ. ಈಗ ಲೈಸೆನ್ಸ್ 5 ವರ್ಷಕ್ಕೆ. ನಡುವೆ ಮನುಷ್ಯ ಏನಾದ ಅಂತ ಕೇಳುವವರಿಲ್ಲ.

ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ 2029ರವರೆಗೆ ಲೈಸೆನ್ಸಿನ ಗೋಜೇ ಇಲ್ಲ. ಅಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಅವರ ಆಯುಧ ಪೂಜೆಯ ಹಬ್ಬ ಕೈಲ್ ಪೋಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ. ನಾನು ನೋಡಿದ ಮನೆಗಳಲ್ಲಿ ಹಿರಿಯರು ಕೊಡದೆ ಮಕ್ಕಳು ಅದನ್ನು ಮುಟ್ಟುತ್ತಿರಲಿಲ್ಲ. ನಮ್ಮ ಕಡೆ ಹುಡುಗರಿಗೆ ಕೋವಿ ಎಂದರೆ ಸ್ಟೇಟಸ್ಸಿಗೆ ಹಾಕುವ ಫೋಟೋ. ದಿಬ್ಬಣದಲ್ಲಿ ಒಬ್ಬ ಮುಖಂಡರು ಈಡು ಹಾರಿಸಿದ್ದನ್ನು ಊರೇ ನೋಡಿದೆ. 2019ರ ತಿದ್ದುಪಡಿ ಪ್ರಕಾರ ಹಾಗೆ ಬೇಜವಾಬ್ದಾರಿಯಿಂದ ಹಾರಿಸಿದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅವರಿಗೆ ಆಗಿದ್ದು ಶಾಲು, ಹಾರ. ಹಾಕಿದವರಲ್ಲಿ ಅಧಿಕಾರಿಗಳೂ ಇದ್ದರು.

ಚುನಾವಣೆ ಬಂದರೂ ಇದೇ ಗೋಳು. ಹಿಂದಿನ ಸಲ ವಾಪಸ್ ಕೊಟ್ಟಾಗ ನಳಿಗೆಗೆ ಕಣ್ಣಿಟ್ಟು ನೋಡಿದರೆ ಒಳಗೆಲ್ಲ ಕೆಂಪು ತುಕ್ಕು. ಕೊಬ್ಬರಿ ಎಣ್ಣೆ ಬಟ್ಟೆ ಹಾಕಿ ಎಳೆದಷ್ಟೂ ಪುಡಿ ಉದುರಿತು. ಹಿಡಿಯ ಮೇಲೆ ಯಾರೋ ಪೆನ್ನಿನಲ್ಲಿ ಲೆಕ್ಕ ಮಾಡಿದ್ದರು.

ನಮ್ಮ ಕೋವಿ ಕೂಡಲೇ ವಾಪಸ್ ಕೊಡಲಿ. ಕೊಡಬಾರದವರ ಕೋವಿ ಕೂಡಲೇ ಕಿತ್ತುಕೊಳ್ಳಲಿ. ಮನೆಮನೆಗೆ ಬಂದು ಯಾರ ಕೋವಿ ಯಾರ ಕೈಯಲ್ಲಿದೆ ನೋಡಲಿ, ಆದರೆ ಕಳ್ಳರ ಮನೆಗೆ ನುಗ್ಗಿದ ಹಾಗೆ ಬರುವುದು ಬೇಡ. ಇದ್ಯಾವುದೂ ಆಗದಿದ್ದರೆ ಸಾಹೇಬರು ಒಂದು ರಾತ್ರಿ ನಮ್ಮ ಗದ್ದೆಗೆ ಬಂದು ಡಬ್ಬ ಬಡಿಯಲಿ. ಡಬ್ಬ ನಾನೇ ಕೊಡುತ್ತೇನೆ, ರಸೀದಿ ಬೇಡ.

– ಒಬ್ಬ ಅಡಿಕೆ ಬೆಳೆಗಾರ