ಉಪಖಜಾನೆಯ ನೌಕರಿ ಮುಗಿಯಿತು, ಎಲ್ಲರಿಗೂ ನಮಸ್ಕಾರ

ಕಳೆದ ತಿಂಗಳು ನಿವೃತ್ತನಾದೆ. ನೌಕರಿಯ ಜಾಸ್ತಿ ವರ್ಷ ಕಳೆದದ್ದು ಪುಣೆ ಜಿಲ್ಲೆಯ ತಾಲೂಕು ಉಪಖಜಾನೆಗಳಲ್ಲೇ, ಅಂದರೆ ತಾಲೂಕಿನ ಸರ್ಕಾರಿ ಹಣದ ಲೆಕ್ಕ ನೋಡುವ ಕಚೇರಿಗಳಲ್ಲೇ. ಮನೆಗೆ ಬಂದು, ಫೋನ್ ಮಾಡಿ ಹಾರೈಸಿದ ಪುಣೆಯ ಕನ್ನಡ ಬಳಗಕ್ಕೆ ಮನಸಾರೆ ಧನ್ಯವಾದ. 'ಅಲ್ಲಿ ದಿನವಿಡೀ ರೊಕ್ಕ ಎಣಿಸ್ತಿದ್ರಾ?' ಅಂತ ಹಲವರು ಕೇಳಿದಿರಿ.

ಹಿಂದೆ ನಿಜಕ್ಕೂ ಎಣಿಸುತ್ತಿದ್ದರು. ಮುಂಬಯಿ ಪ್ರಾಂತದ ಕಾಲದಲ್ಲಿ ಹಳ್ಳಿಗಳ ಕಂದಾಯ ತಾಲೂಕು ಖಜಾನೆಗೆ ಬರುತ್ತಿತ್ತು. ಅದರ ಹೊಣೆ ತಾಲೂಕಿನ ಕಂದಾಯ ಅಧಿಕಾರಿಯಾದ ಮಾಮಲೇದಾರರದು. ಖರ್ಚಿಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಪೊಲೀಸ್ ಕಾವಲಿನಲ್ಲಿ ಜಿಲ್ಲಾ ಖಜಾನೆಗೆ ಕಳಿಸುತ್ತಿದ್ದರು. ಧಾರವಾಡ, ಬೆಳಗಾವಿ, ವಿಜಾಪುರಗಳೂ 1956ರವರೆಗೆ ಮುಂಬಯಿ ಆಡಳಿತದಲ್ಲೇ ಇದ್ದವು. ನಮ್ಮಲ್ಲಿ ಎಷ್ಟೋ ಜನರ ಅಜ್ಜಂದಿರ ಕಂದಾಯ ಹೋದದ್ದು ಇಂಥ ಖಜಾನೆಗಳಿಗೇ ಅಲ್ವಾ? 1935ರಲ್ಲಿ ರಿಸರ್ವ್ ಬ್ಯಾಂಕ್, 1955ರಲ್ಲಿ ಸ್ಟೇಟ್ ಬ್ಯಾಂಕ್ ಬಂದ ಮೇಲೆ ನಗದು ನಿಧಾನವಾಗಿ ಬ್ಯಾಂಕುಗಳ ಕಡೆ ಸರಿಯಿತು. ನಮ್ಮ ಕೈಯಲ್ಲಿ ಉಳಿದದ್ದು ಬಿಲ್ಲು, ಲೆಕ್ಕ, ಪಿಂಚಣಿ, ಛಾಪಾ ಕಾಗದ.

ಹೊಸದಾಗಿ ಸೇರಿದಾಗ ನನಗೆ ಭದ್ರಕೋಣೆಯ ಡಬಲ್ ಲಾಕ್ ತೋರಿಸಿಕೊಟ್ಟ ಹಿರಿಯ ಖಜಾಂಚಿಗೆ ಮೊದಲ ನಮಸ್ಕಾರ. ಒಂದು ಕೀಲಿ ಅಧಿಕಾರಿಯ ಬಳಿ, ಇನ್ನೊಂದು ಖಜಾಂಚಿಯ ಬಳಿ. ಇಬ್ಬರೂ ನಿಂತರೇ ಬಾಗಿಲು ತೆರೆಯುವುದು. ಇದು ಅನುಮಾನಕ್ಕೆ ಮಾಡಿದ್ದಲ್ಲ, ನಿನ್ನ ಹೆಸರು ಉಳಿಸೋಕೆ ಮಾಡಿದ್ದು ಎಂದಿದ್ದರು ಅವರು. ಆ ಮಾತಿನ ಬಲದ ಮೇಲೆ ನಾನು ನಿದ್ದೆಗೆಡದೆ ನೌಕರಿ ಮಾಡಿದೆ.

ನನ್ನ ಮರಾಠಿ ಸಹೋದ್ಯೋಗಿಗಳ ಋಣ ದೊಡ್ಡದು. ಅನುದಾನ ಇದೆಯೇ, ಸಹಿ ಸರಿಯೇ, ಲೆಕ್ಕಶೀರ್ಷಿಕೆ (ಖರ್ಚು ಯಾವ ಬಾಬತ್ತಿಗೆ ಸೇರುತ್ತದೆ ಎಂಬುದು) ಸರಿಯೇ ಎಂದು ನೋಡದೆ ಅವರು ಒಂದು ಬಿಲ್ಲನ್ನೂ ಮುಂದೆ ಕಳಿಸಲಿಲ್ಲ. ಹಣಕಾಸು ವರ್ಷ ಮುಗಿಯುವ ಮಾರ್ಚ್ 31ರ ರಾತ್ರಿ ಬಿಲ್ಲುಗಳ ರಾಶಿ ಬಿದ್ದಾಗಲೂ ಅಷ್ಟೇ. ಆಕ್ಷೇಪ ಹಾಕಿದರೆ ಜನ ಸಿಟ್ಟಾಗುತ್ತಿದ್ದರು. ಆದರೆ ಅದು ಜನರದೇ ಹಣ. ಸುಮ್ನೆ ಬಿಡೋಕಾಗುತ್ತಾ?

ನವೆಂಬರ್‌ನಲ್ಲಿ ಹಯಾತಿ ದಾಖಲೆ (ಪಿಂಚಣಿದಾರರು ಬದುಕಿದ್ದಾರೆ ಎಂಬ ಪ್ರಮಾಣಪತ್ರ) ಕೊಡಲು ದೂರದಿಂದ ಬಂದು, ತಾಳ್ಮೆಯಿಂದ ಕಾದ ಹಿರಿಯರಿಗೂ ನಾನು ಕೃತಜ್ಞ. ಮಾರ್ಚ್ ತಿಂಗಳಿಡೀ ಮನೆಯನ್ನು ಒಬ್ಬಳೇ ನಿಭಾಯಿಸಿದ ಹೆಂಡತಿಗಂತೂ ಎಷ್ಟು ಹೇಳಿದರೂ ಕಡಿಮೆ.

ಈಗ ನನಗೆ ಪುರುಸೊತ್ತಿದೆ. ಬಳಗದಲ್ಲಿ ಯಾರಿಗಾದರೂ ಪಿಂಚಣಿ ಕಾಗದದ ತೊಡಕಿದ್ದರೆ, ಪಿಂಚಣಿ ಆದೇಶದ ಪ್ರತಿ ಮತ್ತು ಬ್ಯಾಂಕ್ ಪಾಸ್‌ಬುಕ್ ಹಿಡಿದು ಮನೆಗೆ ಬನ್ನಿ. ಕೂತು ನೋಡೋಣ.